ಮೆಟ್ಟಲ ಇಳಿಯೂ ಹೊಳಿ

ಫಿನ್‌ಲೆಂಡಿನ ಹಿರಿಯರೊಬ್ಬರಿಗೆ ದುಭಾಷಿಯಾಗಿ ನಾನು ನವಿಲಿನ ಜಮಖಾನಕ್ಕೆ ಹೆಸರಾದ ನವಲಗುಂದಕ್ಕೆ ಹೋಗಿದ್ದೆ. ತಮ್ಮೂರಿನ ಕೆಮಿ ನದಿಯನ್ನು ಜಮಖಾನದ ಮೇಲೆ ನೇಯಿಸಿಕೊಳ್ಳಬೇಕೆಂಬುದು ಅವರ ಆಸೆ. ನದಿ ಸಮುದ್ರ ಸೇರುವಲ್ಲಿದ್ದ ಕಾಗದದ ಕಾರ್ಖಾನೆಯಲ್ಲಿ ದುಡಿದವರು. ಹರೆಯದಲ್ಲಿ ಆ ನೀರಿನಲ್ಲೇ ಮರದ ದಿಮ್ಮಿಗಳನ್ನು ತೇಲಿಸಿಕೊಂಡು ತರುತ್ತಿದ್ದರಂತೆ.

ಅವರು ತಂದ ನಕಾಶೆ ನೋಡಿ ನೇಕಾರ್ತಿ ಹಸೀನಾಬಿ ತಲೆ ಅಲ್ಲಾಡಿಸಿದರು. "ಇಷ್ಟು ಬಳಕೂದು ನಮ್ಮ ಮಗ್ಗದಾಗ ಬರೂದಿಲ್ರಿ. ಹೊಳಿ ಮೆಟ್ಟಲ ಮೆಟ್ಟಲ ಆಗಿ ಇಳೀತೈತಿ. ನಡೀತೈತೇನು ಕೇಳ್ರಿ."

ಇಷ್ಟು ದೂರದಿಂದ ಬಂದವರಿಗೆ ಇದನ್ನು ಹೇಳುವುದು ಹೇಗೆಂದು ತಡವರಿಸುತ್ತಲೇ ಹೇಳಿದೆ. ಹಿರಿಯರು ಜೋರಾಗಿ ನಕ್ಕರು. ವಿದ್ಯುತ್ತಿಗಾಗಿ ಒಂದರ ಕೆಳಗೊಂದು ಅಣೆಕಟ್ಟು ಕಟ್ಟಿದ ಮೇಲೆ ತಮ್ಮ ನದಿ ನಿಜಕ್ಕೂ ಮೆಟ್ಟಿಲಿಳಿದೇ ಹೋಗುತ್ತದೆ, ನಕಾಶೆಗಿಂತ ಈಕೆ ಹೇಳಿದ್ದೇ ಸರಿ ಎಂದರು.

ಹಸೀನಾಬಿಗೆ ಖುಷಿಯಾಯಿತು. "ಹಂಗಾರ ಮೀನು ಹೆಂಗ ಮ್ಯಾಲ ಹತ್ತತಾವ್ರಿ?"

ಈ ಪ್ರಶ್ನೆ ತಿಳಿಸಿದಾಗ ಹಿರಿಯರ ನಗು ನಿಂತಿತು. ಮೊಟ್ಟೆಯಿಡಲು ಸಮುದ್ರದಿಂದ ಮೇಲೇರಿ ಬರುತ್ತಿದ್ದ ಸಾಲ್ಮನ್ ಮೀನುಗಳನ್ನು ಎಲ್ಲಕ್ಕಿಂತ ಕೆಳಗಿನ ಅಣೆಕಟ್ಟೇ ತಡೆದುಬಿಟ್ಟಿತು ಎಂದರು, ಮೆಲ್ಲಗೆ.

ಹಸೀನಾಬಿ ಕೆಂಪು ನೂಲಿನ ಉಂಡೆ ಕೈಗೆತ್ತಿಕೊಂಡರು. ಆಮೇಲೆ, "ನನ್ನ ಮಗ್ಗದಾಗರೆ ಹತ್ಲಿ ಬಿಡ್ರಿ," ಅಂದರು. ಅದನ್ನು ಕೇಳಿ ಹಿರಿಯರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು.

ಹಿರಿಯರು ತಮ್ಮೂರಿಗೆ ಮರಳಿದ್ದರು; ಜಮಖಾನ ಮುಗಿದಾಗ ನಾನೇ ಹೋಗಿ ನೋಡಿದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಮೂರು ಕೆಂಪು ಮೀನು ಅಗದಿ ಆರಾಮಾಗಿದ್ದವು. ವರ್ಷಗಟ್ಟಲೆ ನವಿಲು ನೇಯ್ದು ರೂಢಿಯಾದ ಕೈ, ಬಾಲ ಮಾತ್ರ ನವಿಲಿನದೇ ಬಂದಿತ್ತು. ಅದನ್ನು ಫಿನ್‌ಲೆಂಡಿಗೆ ತಿಳಿಸುವ ಉಸಾಬರಿಗೆ ನಾನು ಹೋಗಲಿಲ್ಲ.