ಕುರಿ ಬಾರದ ಹೊಲ

ಮಹಾಪ್ರಬಂಧವೆಂಬ ದಪ್ಪ ಗ್ರಂಥದಲ್ಲಿ ಜನ ನಿಜವಾಗಿ ಓದುವ ಪುಟ ಒಂದೇ, ಕೃತಜ್ಞತೆಯ ಪುಟ. ಮಿಕ್ಕ ಪುಟಗಳನ್ನು ಪರೀಕ್ಷಕರು ಕೈಯಲ್ಲಿ ತೂಗಿ ನೋಡುತ್ತಾರೆ. ಈ ಒಂದನ್ನು ಮಾತ್ರ ಸಮಸ್ತ ಬಂಧುಬಳಗವು ಕನ್ನಡಕ ಏರಿಸಿಕೊಂಡು, ತನ್ನ ಹೆಸರು ಬಂದಿದೆಯೇ ಎಂದು ಸಾಲುಸಾಲಾಗಿ ಹುಡುಕುತ್ತದೆ. ಜಮಖಂಡಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಲೇ ನರೆತ ನಾನು ಇಂಥ ಅನೇಕ ಪುಟಗಳ ಖಾಯಂ ನಿವಾಸಿ. ಮನೆದೇವರು, ಅತ್ತೆಯವರು, ಝೆರಾಕ್ಸ್ ಅಂಗಡಿಯ ಮಾಲೀಕರು, ಇವರ ನಡುವೆ ಎಲ್ಲೋ ಒಂದೆಡೆ 'ಅಮೂಲ್ಯ ಮಾರ್ಗದರ್ಶನ ನೀಡಿದ' ನಾನೂ ಒತ್ತರಿಸಿಕೊಂಡು ಕುಳಿತಿರುತ್ತೇನೆ. ಆ ಮಾರ್ಗದರ್ಶನಕ್ಕೆ ಇದುವರೆಗೆ ಯಾರೂ ಮೂಲ್ಯ ಕಟ್ಟಲು ಹೋಗಿಲ್ಲವೆಂಬುದು ನನ್ನ ಪೂರ್ವಜನ್ಮದ ಪುಣ್ಯ. ಈಚೆಗೆ ಆ ಪುಟದಲ್ಲಿ ಒಬ್ಬರ ಹೆಸರು ಮಾತ್ರ ಸದಾ ತಪ್ಪಿಹೋಗುತ್ತಿದೆ, ಪ್ರಬಂಧವನ್ನು ಬರೆದವರದು.

ನನ್ನ ಶಿಷ್ಯೆ ಮಹಾದೇವಿ ಬನಹಟ್ಟಿಯ ನೇಕಾರರ ಮಗಳು, ಅಲ್ಲಿಯೇ ಏಳು ವರ್ಷದಿಂದ ಅತಿಥಿ ಉಪನ್ಯಾಸಕಿ. ನಮ್ಮಲ್ಲಿ ಅತಿಥಿಯೆಂದರೆ ಹೋಗೆಂದೂ ಇರೆಂದೂ ಯಾರೂ ಹೇಳದ ಪ್ರಾಣಿ. ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳು ಅವಳ ಸಂಶೋಧನೆಯ ವಸ್ತು. ಕುರುಬರು ತಮ್ಮ ಹಿಂಡನ್ನು ರೈತರ ಹೊಲಗಳಲ್ಲಿ ಕೆಲವು ರಾತ್ರಿ ತಂಗಿಸಿ ಗೊಬ್ಬರ ಕೊಡುವ ಹಳೆಯ ರೂಢಿಯುಂಟಷ್ಟೆ. ಹಾಗೆ ಕುರಿ ತಂಗಿದ ಹೊಲದಲ್ಲಿ ಹುಳು ಕಡಿಮೆಯಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಮುಧೋಳ ತಾಲೂಕಿನ ಹೊಲಹೊಲ ಅಲೆದು, ಮಣ್ಣು ಅಗೆದು, ಹುಳು ಎಣಿಸಿ, ಕನ್ನಡದಲ್ಲಿ ಟಿಪ್ಪಣಿ ಬರೆದಳು. ಆ ಟಿಪ್ಪಣಿಗಳನ್ನು ಯಂತ್ರಬುದ್ಧಿಗೆ ಉಣಿಸಿದಾಗ, ಕಣ್ಣು ಕೋರೈಸುವ ಇಂಗ್ಲಿಷ್ ಲೇಖನವೊಂದು ಚಹಾ ಆರುವುದರೊಳಗೆ ಸಿದ್ಧವಾಯಿತು.

"ಇದರಾಗ ನಂದೇನೈತ್ರಿ ಸರ್, ಬರೇ ಹುಳ ನಂದು" ಎಂದು ಅವಳು ನಕ್ಕಳು. ನಾನು ಎರಡು ಪುಟ ನೋಡಿದೆ, ಭಾಷೆಯ ಥಳುಕಿಗೆ ತಲೆದೂಗಿದೆ, ಸಹಲೇಖಕನಾಗಿ ನನ್ನ ಹೆಸರನ್ನೂ ಸೇರಿಸಿದೆ. ಉಳಿದ ಪುಟಗಳನ್ನು ಓದಲಿಲ್ಲ. ಚೆನ್ನಾಗಿ ಬರೆದದ್ದನ್ನು ಅನುಮಾನಿಸುವುದು ಸಭ್ಯತೆಯಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಸಂಶೋಧನಾ ಪತ್ರಿಕೆಯವರ ನಮೂನೆಯಲ್ಲಿ ಕೃತಕ ಬುದ್ಧಿಮತ್ತೆ ಬಳಸಿದ್ದೀರಾ ಎಂಬ ಪ್ರಶ್ನೆಯಿತ್ತು.

"ಹೌದು ಅಂತ ಹಾಕಲ್ರೀ ಸರ್?"

"ಊಟಕ್ಕ ಕುಂತವರಿಗೆ ಯಾವ ಮಿಕ್ಸರಿನ್ಯಾಗ ಖಾರ ಅರದೆ ಅಂತ ಹೇಳ್ತಾರೇನವಾ? ಇಲ್ಲ ಅಂತ ಹಾಕು."

"ಆದ್ರ ಕೇಳ್ಯಾರಲ್ರೀ."

"ಕೇಳೋದು ಅವರ ಧರ್ಮ" ಎಂದೆ, ಧರ್ಮಶಾಸ್ತ್ರವನ್ನೇ ಅರೆದು ಕುಡಿದವನಂತೆ.

ನನ್ನ ಬಳಿ ಒಂದು ಸಮರ್ಥನೆಯೂ ಇತ್ತು. ನಾನು ತರುಣನಾಗಿದ್ದಾಗ ಬರೆದ ಮೊದಲ ಲೇಖನದ ಇಂಗ್ಲಿಷನ್ನು ತಿದ್ದಿಕೊಟ್ಟವರು ಈ ಊರಿನ ನಿವೃತ್ತ ಮಾಸ್ತರರೊಬ್ಬರು. ಅವರ ಹೆಸರನ್ನು ನಾನು ಎಲ್ಲಿಯೂ ಕಾಣಿಸಲಿಲ್ಲ, ಅವರೂ ಕೇಳಲಿಲ್ಲ. ಅಂದು ಸಂದ ನ್ಯಾಯ ಇಂದೇಕೆ ಸಲ್ಲದು?

ಲೇಖನ ಸ್ವೀಕೃತವಾಯಿತು. ಅದೊಂದು ಅಚ್ಚಾದರೆ ಮಹಾದೇವಿ ತನ್ನ ಮಹಾಪ್ರಬಂಧವನ್ನು ಸಲ್ಲಿಸಬಹುದಿತ್ತು. ಸಲ್ಲಿಸಿದರೆ ಖಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅರ್ಜಿಯ ಗಡುವಿಗೆ ಇನ್ನೊಂದು ತಿಂಗಳಿತ್ತು.

ಆದರೆ ಅವಳು ಕುರಿಗಾರ ಬೀರಪ್ಪಜ್ಜನಿಗೆ ಮಾತು ಕೊಟ್ಟಿದ್ದಳು. "ನಮ್ಮ ಮಾತು ಬರಕೊಂಡು ಹೊಕ್ಕೀರಿ, ಏನ ಬರದೀರಿ ಅಂತ ಒಮ್ಮಿ ಓದಿ ಹೇಳ್ರಿ" ಎಂಬುದು ಆತ ವಿಧಿಸಿದ್ದ ಏಕೈಕ ಶರತ್ತು. ಒಂದು ಭಾನುವಾರ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿಳಿದು, ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ಇಬ್ಬರೂ ಅವನ ಹಿಂಡಿದ್ದಲ್ಲಿಗೆ ಹೋದೆವು. ಅವಳು ಲೇಖನವನ್ನು ಹೊಲಗಳ ಹೆಸರು ಹಿಡಿದು ಕನ್ನಡದಲ್ಲಿ ಹೇಳುತ್ತ ಹೋದಳು. ಅಜ್ಜ ಕಂಬಳಿಯ ಮೇಲೆ ಕುಳಿತು ಹೂಂಗುಟ್ಟುತ್ತಿದ್ದವನು, ಹೊಳೆದಂಡೆಯ ಹೊಲ ಬಂದೊಡನೆ ಕೈ ಎತ್ತಿದ.

"ನಿಂದರ್ರಿ ಅಕ್ಕಾರ. ಆ ವರ್ಷ ನಮ್ಮ ಕುರಿ ಬಾಡಗಂಡಿ ಕಡೆ ಇದ್ದುವು. ಆ ಹೊಲಕ್ಕ ಕಾಲ ಇಟ್ಟಿಲ್ಲ."

"ಇಲ್ಲಿ ಹಂಗ ಐತಲ್ಲಜ್ಜಾ, ಎಂಟು ರಾತ್ರಿ ಇದ್ದುವು, ಹುಳ ಕಡಿಮಿ ಆದುವು ಅಂತ."

"ಕುರೀನ ಬರಲಾರದ ಹಿಕ್ಕಿ ಹ್ಯಾಂಗ ಬಿತ್ರೀ? ಮ್ಯಾಲಿಂದ ಬಿತ್ತೇನು?" ಎಂದು ಆತ ಹೊಟ್ಟೆ ಹಿಡಿದು ನಕ್ಕ. ನಾವು ನಗಲಿಲ್ಲ.

ಅವಳು ಚೀಲದಿಂದ ಟಿಪ್ಪಣಿಯ ಪುಸ್ತಕ ತೆಗೆದಳು. ಆ ಹೊಲದ ಎದುರು ಜಾಗ ಖಾಲಿಯಿತ್ತು. ಆ ವಾರ ಅವಳಿಗೆ ಜ್ವರ. ಆಮೇಲೆ ಅಜ್ಜನನ್ನು ಕೇಳಿ ಬರೆದರಾಯಿತೆಂದು ಬಿಟ್ಟವಳು ಮರೆತಿದ್ದಳು. ಯಂತ್ರ ಮರೆಯಲಿಲ್ಲ. ಅಕ್ಕಪಕ್ಕದ ಹೊಲಗಳನ್ನು ನೋಡಿ ಇದೂ ಹೀಗೆಯೇ ಇರಬೇಕೆಂದು ಕುರಿಗಳನ್ನು ಹೊಡೆದುಕೊಂಡು ಬಂದು, ಎಂಟು ರಾತ್ರಿ ತಂಗಿಸಿ, ಹುಳುಗಳನ್ನು ಕೊಂದು, ಸುಂದರವಾದ ವಾಕ್ಯವೊಂದನ್ನು ಬರೆದಿತ್ತು.

ಮರಳುವ ಬಸ್ಸಿನಲ್ಲಿ ನನ್ನ ಸಮರ್ಥನೆ ಕಾಲಡಿ ಕುಸಿಯಿತು. ಆ ಮಾಸ್ತರರು ನನ್ನ ಲೇಖನದಲ್ಲಿ ಎಲ್ಲಾದರೂ ಕೊಂಡಿ ತಪ್ಪಿದ್ದರೆ ಬಿಸಿಲಲ್ಲಿ ಕೊಡೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. "ಇಲ್ಲೇನೋ ಬಿಟ್ಟೀಯಲ್ಲೋ, ಏನದು?" ಎಂದು ಕೇಳಿ, ನಾನು ಗೊತ್ತಿಲ್ಲವೆಂದರೆ ಗೊತ್ತಿಲ್ಲವೆಂದೇ ಬರೆಸುತ್ತಿದ್ದರು. ಅವರಿಗೆ ನನ್ನ ಅಜ್ಞಾನ ಅರ್ಥವಾಗುತ್ತಿತ್ತು. ಯಂತ್ರಕ್ಕೆ ಜ್ಞಾನವೆಲ್ಲ ಗೊತ್ತು, ಅಜ್ಞಾನವೊಂದು ತಿಳಿಯದು. ಅದನ್ನು ಕಾಯುವ ಕೆಲಸ ನನ್ನದಾಗಿತ್ತು.

ಇಷ್ಟು ತಿಳಿದ ಮೇಲೂ ನನ್ನ ಬಾಯಿಂದ ಬಂದದ್ದು ಬೇರೆ. "ಒಂದ ಹೊಲ ಅಲ್ಲೇನವಾ. ನೌಕರಿ ಪ್ರಶ್ನೆ. ಯಾರ ಹಿಡೀತಾರ?"

"ಓದಾಕ ಬರದ ಅಜ್ಜ ಹಿಡದನಲ್ರೀ ಸರ್" ಎಂದಳು, ಕಿಟಕಿಯಾಚೆ ನೋಡುತ್ತ.

ಮರುದಿನ ಲೇಖನವನ್ನು ಹಿಂತೆಗೆದುಕೊಳ್ಳುವ ಪತ್ರ ಬರೆಯಲು ನನ್ನ ಕೋಣೆಗೆ ಬಂದಳು. ಕಾರಣವೆಂಬ ಅಂಕಣಕ್ಕೆ 'ಅನಿವಾರ್ಯ ತಾಂತ್ರಿಕ ಕಾರಣಗಳಿಂದ' ಎಂಬ ಘನವಾದ ಪದಪುಂಜವನ್ನು ಸೂಚಿಸಿದೆ. ಅವಳು ಕೇಳಿಸಿಕೊಳ್ಳದವಳಂತೆ ತನ್ನದೇ ಗಂಟುಗಂಟಾದ ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರ ಕುಟ್ಟುತ್ತ ಬರೆದಳು: ಯಂತ್ರದಿಂದ ಬರೆಸಿದ್ದೆವು, ಇಲ್ಲವೆಂದು ಸುಳ್ಳು ಹೇಳಿದ್ದೆವು, ಒಂದು ಹೊಲದ ಮಾತು ನಡೆದದ್ದಲ್ಲ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಲೇಖಕರಿಬ್ಬರೂ ಬ್ಯಾರೆ ಬ್ಯಾರೆ ಬರೀಬೇಕಂತ್ರಿ. ನೀವು ಏನ ಮಾಡಿದ್ರಿ ಅಂತ ನೀವ ಬರೀರಿ."

ಆ ಹುದ್ದೆಯ ಗಡುವು ಇನ್ನು ಅವಳ ಪಾಲಿಗಿಲ್ಲ. ಮುಂದೆ ಅರ್ಜಿ ಕರೆಯುವುದು ಯಾವಾಗಲೋ ಬಲ್ಲವರಿಲ್ಲ. ನನ್ನ ನಿವೃತ್ತಿವೇತನಕ್ಕೆ ಮಾತ್ರ ಯಾವ ಭಂಗವೂ ಇಲ್ಲ. ನಾನು ಎರಡು ಸಾಲು ಬರೆದೆ: ಪೂರ್ತಿ ಓದದೆ ಹೆಸರು ಹಾಕಿದೆ, ಇಲ್ಲವೆಂದು ಬರೆಯಲು ಹೇಳಿದವನು ನಾನು. ಮಹಾದೇವಿ ಅದನ್ನು ಓದಿದಳು, ನಿಧಾನವಾಗಿ ಎರಡು ಸಲ. ಏನನ್ನೂ ತಿದ್ದಲಿಲ್ಲ, ಇರಲಿ ಬಿಡಿ ಸರ್ ಎಂದೂ ಹೇಳಲಿಲ್ಲ. ಕಳಿಸಿದಳು.