ಚೆನ್ನಾಗಿ ಹಾಡಿದವರು ಯಾರು

ಶ್ರುತಿ ಪೆಟ್ಟಿಗೆಗೆ ಮಾತು ಬರುವ ಹಾಗಿದ್ದರೆ ಅದು ನನ್ನ ಶಿಷ್ಯರ ಮೇಲೆ ಎಂದೋ ದೂರು ಕೊಟ್ಟಿರುತ್ತಿತ್ತು. ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳ ಮಾತು. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಜಾರದಲ್ಲಿ ನಾನು ಸಂಗೀತ ಹೇಳಿಕೊಡುತ್ತಿದ್ದೆ. ವಾರದ ದಿನಗಳಲ್ಲಿ ಊರಿನ ಮಕ್ಕಳು, ಭಾನುವಾರ ಸುತ್ತಲ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವವರು. ಹಾಡು ತಪ್ಪಿದರೆ ಮೊದಲು ಎಲ್ಲರೂ ನೋಡುತ್ತಿದ್ದುದು ಆ ಪೆಟ್ಟಿಗೆಯ ಕಡೆಗೆ. ಅದು ಸರಿಯಾಗಿದೆ ಎಂದು ನಾನು ತೋರಿಸಿಕೊಟ್ಟರೆ ತಪ್ಪು ಗಂಟಲಿಗೆ ಬರುತ್ತಿತ್ತು. ಗಂಟಲೂ ಸರಿಯಿದ್ದರೆ ಹಿಂದಿನ ದಿನ ಯಾರದೋ ಮದುವೆಯಲ್ಲಿ ತಿಂದ ಐಸ್‌ಕ್ರೀಮಿಗೆ. ಅಭ್ಯಾಸ ಮಾಡಿಲ್ಲ ಎಂಬ ಒಂದು ಕಾರಣ ಬಿಟ್ಟು ಲೋಕದಲ್ಲಿರುವ ಕಾರಣಗಳೆಲ್ಲ ನಮ್ಮ ಹಜಾರಕ್ಕೆ ಬಂದು ಹೋಗಿವೆ.

ಗೌರಿಬಿದನೂರಿನಿಂದ ಕಾಲೇಜು ಓದುವ ಒಬ್ಬ ಹುಡುಗ ಬರುತ್ತಿದ್ದ. ಒಳ್ಳೆಯ ಮನಸ್ಸಿನವನು, ಆದರೆ ತಾಳ ಎಂಬುದು ಅವನ ಪಾಲಿಗೆ ಬೇರೆಯವರ ಮನೆಯ ವಿಷಯ. "ತಾಳ ತಪ್ಪಿತಲ್ಲಪ್ಪ" ಎಂದರೆ ತುಂಬ ವಿನಯದಿಂದ, "ಇಲ್ಲ ಮಿಸ್, ನೀವು ಸ್ವಲ್ಪ ಫಾಸ್ಟಾಗಿ ಹಾಕಿದ್ರಿ" ಎನ್ನುತ್ತಿದ್ದ. ಅದೇ ಹುಡುಗ ಯಾವಾಗಲೋ ಒಂದು ಗೀತೆಯನ್ನು ನೆಟ್ಟಗೆ ಮುಗಿಸಿದರೆ, "ನಂಗೆ ಸ್ವರಜ್ಞಾನ ಹುಟ್ಟಿನಿಂದ್ಲೇ ಇದೆ ಮಿಸ್, ಎಲ್ಲಾರೂ ಹೇಳ್ತಾರೆ" ಎಂದು ನನಗೇ ಸುದ್ದಿ ಮುಟ್ಟಿಸುತ್ತಿದ್ದ. ಆ ಎಲ್ಲರೂ ಯಾರು, ಅವರು ಎಲ್ಲಿ ಸಿಗುತ್ತಾರೆ ಎಂದು ಕೇಳಬೇಕೆಂದು ಎಷ್ಟೋ ಸಲ ನಾಲಗೆಯ ತುದಿಗೆ ಬಂದದ್ದುಂಟು.

ಚಿಂತಾಮಣಿಯ ಹುಡುಗಿಗೆ ಕಾರಣ ಹೇಳುವ ಕಷ್ಟವೂ ಇರಲಿಲ್ಲ. ಅವಳ ತಾಯಿ ಜೊತೆಗೇ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಮಗಳು ಅಪಸ್ವರ ಹಿಡಿದ ಕೂಡಲೇ ಅವರು ಶುರು. "ಮನೇಲಿ ಚೆನ್ನಾಗೇ ಹಾಡ್ತಾಳೆ ಮಿಸ್. ನಿಮ್ಮನ್ನ ಕಂಡ್ರೆ ಗಾಬ್ರಿ." ನಾನು ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಮನೆಯಲ್ಲಿ ಚೆನ್ನಾಗಿ ಹಾಡುವ ಮಕ್ಕಳನ್ನೆಲ್ಲ ಸೇರಿಸಿ ಒಂದು ಕಚೇರಿ ಮಾಡಿಸಿದರೆ ಎಷ್ಟು ಸೊಗಸಾಗಿರುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಕೇಳಲು ಮಾತ್ರ ನಾವು ಅವರವರ ಮನೆಗೇ ಹೋಗಬೇಕಾಗುತ್ತಿತ್ತು.

ಇವರ ನಡುವೆ ಶಿಡ್ಲಘಟ್ಟದ ಆಚೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಪಿಯುಸಿ ಓದುತ್ತಿದ್ದಳು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಕೈಕಾಲು ತೊಳೆದು ಬಸ್ಸು ಹತ್ತುವಳು. ಅವಳಿಗೆ ಒಂದು ಸಾಲನ್ನು ಎರಡನೆಯ ಸಲ ಹೇಳಿಕೊಡಬೇಕಾದದ್ದು ನನಗೆ ನೆನಪಿಲ್ಲ. ಕಂಠವೆಂದರೆ ಅದು ಕಂಠ. ಅಷ್ಟು ವರ್ಷಗಳಲ್ಲಿ ನನ್ನ ಹಜಾರಕ್ಕೆ ಕಾಲಿಟ್ಟ ಒಂದೇ ಒಂದು ನಿಜವಾದ ಕಂಠ. ಒಮ್ಮೆ ಚಪ್ಪಲಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, "ವಿದ್ವತ್ ಪರೀಕ್ಷೆವರೆಗೂ ಹೋಗೋಕೆ ಎಷ್ಟು ವರ್ಷ ಬೇಕು ಮಿಸ್" ಎಂದು ಕೇಳಿದ್ದಳು. ಅವತ್ತು ರಾತ್ರಿ ನನಗೆ ಊಟ ರುಚಿಸಿತ್ತು.

ತೊಂದರೆ ಏನೆಂದರೆ ಅವಳೂ ಕಾರಣ ಹೇಳುತ್ತಿದ್ದಳು, ತಿರುವುಮುರುವಾಗಿ. ತಪ್ಪಿದರೆ, "ತಪ್ಪು ನಂದೇ ಮಿಸ್, ಸರಿಯಾಗಿ ಕೂತ್ಕೊಂಡು ಹಾಡ್ಲಿಲ್ಲ." ಚೆನ್ನಾಗಿ ಬಂದರೆ, "ಹೆಂಗೋ ಬಂತು ಮಿಸ್." ಮೊದಮೊದಲು ನನಗೆ ಖುಷಿಯಾಗಿತ್ತು. ಹುಟ್ಟಿನಿಂದಲೇ ಸ್ವರಜ್ಞಾನ ಇರುವವರ ನಡುವೆ ಇಷ್ಟು ತಗ್ಗಿ ನಡೆಯುವ ಹುಡುಗಿ ಸಿಕ್ಕಿದಳಲ್ಲ ಎಂದು. ಆಮೇಲೆ ಆ ಮಾತು ಕೇಳಿದರೆ ಮೈ ಉರಿಯಲು ಶುರುವಾಯಿತು. ತಿಂಗಳುಗಟ್ಟಲೆ ಒಂದು ಆಭೋಗಿ ವರ್ಣವನ್ನು ತಿದ್ದಿ ತಿದ್ದಿ, ಕೊನೆಗೆ ಅದು ಎಣ್ಣೆ ಹಾಕಿದ ಹಾಗೆ ಹರಿದು ಬಂದ ದಿನವೂ ಅವಳು "ಹೆಂಗೋ ಬಂತು" ಎಂದಳು. ಹೇಗೋ ಬರುವುದಕ್ಕೆ ಅದೇನು ಹಾದಿ ತಪ್ಪಿದ ದನವೇ ಎಂದು ಬೈದೆ. ತಲೆ ತಗ್ಗಿಸಿ ನಕ್ಕಳು.

ಆ ವರ್ಷ ಮೂವರೂ ಜೂನಿಯರ್ ಪರೀಕ್ಷೆಗೆ ಕೂತರು. ಪರೀಕ್ಷೆ ಕೋಲಾರದಲ್ಲಿ. ಶಿಡ್ಲಘಟ್ಟದ ಹುಡುಗಿಯನ್ನು ಅವಳ ತಾಯಿ ಹಿಂದಿನ ದಿನವೇ ಕೈವಾರಕ್ಕೆ ಕರೆದುಕೊಂಡು ಹೋಗಿ ಬಂದಿದ್ದರು. ಹಣೆಯಲ್ಲಿ ಅಲ್ಲಿಯ ಕುಂಕುಮ, ಚೀಲದಲ್ಲಿ ದೃಷ್ಟಿಗೆಂದು ನಿಂಬೆಹಣ್ಣು. ನಾನು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದೆ. ಅವಳು ಒಳಗೆ ಹಾಡಿದ್ದು ಬಾಗಿಲ ಸಂದಿಯಿಂದ ಕೇಳಿಸುತ್ತಿತ್ತು. ಉಳಿದವರಿಗೆಲ್ಲ ಅರ್ಧಕ್ಕೇ ಸಾಕು ಎನ್ನುತ್ತಿದ್ದ ಪರೀಕ್ಷಕರು ಅವಳನ್ನು ಮಾತ್ರ ಪೂರ್ತಿ ಹಾಡಿಸಿದರು.

ಫಲಿತಾಂಶ ಬಂತು. ಗೌರಿಬಿದನೂರಿನ ಹುಡುಗ ಫೇಲು. "ಎಗ್ಸಾಮಿನರ್‌ಗೆ ಹೊಟ್ಟೆ ಸರಿ ಇರ್ಲಿಲ್ಲ ಮಿಸ್, ನಾನು ಹಾಡೋವಾಗ್ಲೇ ಎದ್ದು ಹೋಗ್ಬಿಟ್ರು" ಎಂದ. ಮುಂದಿನ ಭಾನುವಾರ ಏನೂ ಆಗದವನ ಹಾಗೆ ಬಂದು ಕೂತ. ಚಿಂತಾಮಣಿಯ ಹುಡುಗಿ ಅಂಚಿನಲ್ಲಿ ಪಾಸು. ಅದಕ್ಕೆ ಕಾರಣ ತಾವು ದಿನವೂ ಕುಡಿಸಿದ ಮೆಣಸಿನ ಕಷಾಯ ಎಂದು ತಾಯಿ ನನಗೆ ತಿಳಿಸಿದರು. ಎರಡು ವರ್ಷ ಗಂಟಲು ಹರಿದುಕೊಂಡ ನನ್ನ ಪಾತ್ರ ಆ ಕಷಾಯದ ಲೋಟ ತೊಳೆಯುವಷ್ಟೂ ಇರಲಿಲ್ಲ. ಶಿಡ್ಲಘಟ್ಟದ ಹುಡುಗಿಗೆ ಫಸ್ಟ್ ಕ್ಲಾಸ್ ಬಂದಿತ್ತು. ಅವಳು ಮಾತ್ರ ಕ್ಲಾಸಿಗೆ ಬರುವುದನ್ನು ನಿಲ್ಲಿಸಿಬಿಟ್ಟಳು.

ಕೆಲವು ಭಾನುವಾರ ಕಾದೆ. ಆಮೇಲೆ ಅವರ ಪಕ್ಕದ ಮನೆಗೆ ಫೋನು ಮಾಡಿ ತಾಯಿಯನ್ನು ಕರೆಸಿದೆ. "ಪಾಸಾಯ್ತಲ್ಲ ಮಿಸ್, ಸಾಕು ಬಿಡಿ" ಎಂದರು. "ದೇವರು ಒಂದು ಕಿತ ಕೊಟ್ಟವ್ನೆ. ಇನ್ನೊಂದು ಕಿತ ಕೇಳಬಾರ್ದು." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಫೇಲಾದವನಿಗೆ ಫೇಲಾದದ್ದು ತನ್ನಿಂದಲ್ಲ, ಆದ್ದರಿಂದ ಅವನು ನಗುನಗುತ್ತ ಬರುತ್ತಾನೆ. ಗೆದ್ದವಳಿಗೆ ಗೆದ್ದದ್ದು ತನ್ನಿಂದಲ್ಲ, ಆದ್ದರಿಂದ ಅವಳು ಬರುವುದೇ ಇಲ್ಲ. ಇದೆಂಥ ಲೆಕ್ಕ. ಮಾರನೆಯ ದಿನವೇ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಅಲ್ಲಿಂದ ಅವರ ಹಳ್ಳಿಗೆ ಆಟೋ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಲೇ ಹೋದೆ.

ಹೋದಾಗ ಅವರ ಮನೆಯಲ್ಲಿ ಬಿಡುವಿಲ್ಲದ ಹೊತ್ತು. ಹುಳು ನಾಲ್ಕನೆಯ ಜ್ವರ ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಸೊಪ್ಪನ್ನು ಒಂದೇ ಸಮನೆ ಮೇಯುತ್ತಿದ್ದವು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನನ್ನನ್ನು ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿದರು. ಒಳಗಿನಿಂದ ಸೊಪ್ಪು ತಿನ್ನುವ ಸರಸರ ಸದ್ದು ಕೇಳಿಸುತ್ತಿತ್ತು. ಬಂದ ಕೂಡಲೇ ಜಗಳ ತೆಗೆಯುವುದು ಸರಿಯಲ್ಲವೆಂದು ಒಂದು ಒಳ್ಳೆಯ ಮಾತು ಆಡೋಣವೆಂದುಕೊಂಡೆ. "ಈ ಸಲ ಹುಳ ತುಂಬ ಚೆನ್ನಾಗಿ ಬಂದಿರೋ ಹಾಗಿದೆ" ಎಂದೆ.

ಸೊಪ್ಪಿನ ಹೊರೆ ಇಳಿಸುತ್ತಿದ್ದ ಅವಳ ತಂದೆ ನನ್ನ ಕಡೆ ನೋಡದೆ, "ಏನೋ ಇದಾವೆ ಬಿಡಿ" ಎಂದು ಒಳಗೆ ಹೋದರು. ತಾಯಿ ಅಡುಗೆಮನೆಗೆ ಹೋಗಿ ಒಂದು ಹಿಡಿ ಉಪ್ಪು ತಂದು ಹುಳದ ಮನೆಯ ಬಾಗಿಲಿಗೆ ನೀವಾಳಿಸಿ ಒಲೆಗೆ ಹಾಕಿದರು. ಚಟಪಟ ಸದ್ದು ನನಗೂ ಕೇಳಿಸಲಿ ಎಂಬ ಹಾಗೆ ಕೇಳಿಸಿತು.

ಹುಡುಗಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ಹುಳ ಚೆನ್ನಾಗಿವೆ ಅಂತ ಯಾರೂ ಹೇಳಲ್ಲ ಮಿಸ್. ಗೂಡು ಮಾರ್ಕೆಟ್ಟಿಗೆ ಹೋಗೋವರ್ಗೂ ಹೇಳ್ಬಾರ್ದು."

"ಅಕಸ್ಮಾತ್ ಕೆಟ್ಟು ಹೋದ್ರೆ?"

"ಕೆಟ್ರೆ ನಮ್ದೇ ತಪ್ಪು. ಸೊಪ್ಪು ಒದ್ದೆ ಇತ್ತು, ಕೈ ತೊಳೀಲಿಲ್ಲ, ಸುಣ್ಣ ಸರಿಯಾಗಿ ಹಾಕ್ಲಿಲ್ಲ, ಏನೋ ಒಂದು ಮಾಡಿರ್ತೀವಿ."

"ಚೆನ್ನಾಗಾದ್ರೆ?"

"ದೇವರು ಕೊಟ್ಟ ಅಂತೀವಿ."

ಅಲ್ಲಿಗೆ ನನಗೆ ಅರ್ಥವಾಯಿತು. ಇವಳು ಸಂಗೀತ ಕಲಿತದ್ದು ನನ್ನ ಹಜಾರದಲ್ಲಿ, ಆದರೆ ಸಂಗೀತದ ಬಗ್ಗೆ ಮಾತನಾಡುವುದನ್ನು ಕಲಿತದ್ದು ಹುಳದ ಮನೆಯಲ್ಲಿ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದೇನೂ ಇಲ್ಲವಲ್ಲ. ಹುಳುವಿಗೆ ಸರಿಯಾದ ಪದ್ಧತಿ ಹುಳುವಿಗೇ ಇರಲಿ, ನನ್ನ ಶಿಷ್ಯೆಗೆ ಯಾಕೆ. "ಈಗ ಹಾಡು" ಎಂದೆ. ಒಂದು ಗೀತೆ ಹಾಡಿದಳು. ವಾರಗಟ್ಟಲೆ ಬಾಯಿ ಬಿಡದಿದ್ದರೂ ಸ್ವರ ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ನಾನು ತಾಯಿಯ ಮುಖ ನೋಡಿದೆ.

"ನೀವು ಎದುರಿಗೆ ಕೂತಿದೀರಲ್ಲ ಮಿಸ್, ಅದಕ್ಕೇ ಬಂತು" ಎಂದರು ತಾಯಿ.

ಎದ್ದು ಬೀದಿಗೆ ಹೋದೆ. ಹುಣಸೆ ಮರದ ಆಚೆ ಬಿಸಿಲಿನಲ್ಲಿ ನಿಂತು, ಇನ್ನೊಂದು ಹಾಡು ಎಂದು ಅಲ್ಲಿಂದಲೇ ಕೂಗಿದೆ. ಹಾಡಿದಳು. ಇನ್ನೂ ಚೆನ್ನಾಗಿತ್ತು. ಬೆವರು ಒರೆಸಿಕೊಳ್ಳುತ್ತ ವಾಪಸು ಬಂದು, "ಈಗೇನಂತೀರಾ" ಎಂದು ಕೇಳಿದೆ.

"ಎದುರಿಗೆ ಇರ್ಲಿಲ್ಲ, ನಿಜ. ಊರಲ್ಲೇ ಇದ್ರಲ್ಲ, ಅಂತೇ ಕದಾ, ಅಷ್ಟೇ ತಾನೇ" ಎಂದರು ಅವರು. ಆ ಕಡೆ ಎಲ್ಲರ ಕನ್ನಡದಲ್ಲೂ ಒಂದೊಂದು ತೆಲುಗು ಮಾತು ಇಣುಕುತ್ತದೆ, ಗೆದ್ದಾಗ ಜಾಸ್ತಿ. ನಾನು ಊರು ಬಿಟ್ಟು ಹೋದರೆ ಕೇಳುವುದು ಹೇಗೆ ಎಂದು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಅವರ ಹತ್ತಿರ ಒಂದು ಉತ್ತರ ಇರುತ್ತಿತ್ತು.

ಅವರೇ ತಟ್ಟೆಯಲ್ಲಿ ನಿಪ್ಪಟ್ಟು ತಂದಿಟ್ಟರು. ಸೋತು ಕೂತೆ. ಒಂದನ್ನು ಬಾಯಿಗಿಟ್ಟುಕೊಂಡು, ಆ ಆಭೋಗಿ ವರ್ಣ ಹಾಡು ಎಂದು ಕೈಯಲ್ಲೇ ಸನ್ನೆ ಮಾಡಿದೆ. ಹಾಡತೊಡಗಿದಳು. ಆಭೋಗಿಯಲ್ಲಿ ಪಂಚಮ ಎಂಬ ಸ್ವರವೇ ಇಲ್ಲ. ಕೆಳಗಿಳಿಯುವ ಒಂದು ಕಡೆ ಅವಳ ಧ್ವನಿ ಜಾರಿ ಆ ಪಂಚಮವನ್ನು ಸವರಿತು. ನನ್ನ ಬಾಯಿ ತುಂಬ ನಿಪ್ಪಟ್ಟು. ಅವಳೇ ತಟಕ್ಕನೆ ನಿಂತಳು, ಒಂದು ಹೆಜ್ಜೆ ಹಿಂದೆ ಹೋದಳು, ಆ ಸಾಲನ್ನು ಸರಿಯಾಗಿ ಹಿಡಿದು ಮುಂದೆ ನಡೆದಳು.

ನಾನು ಗಬಗಬನೆ ನುಂಗಿ ಕೈ ಎತ್ತಿ ನಿಲ್ಲಿಸಿದೆ. "ಈಗ ತಪ್ಪಿದ್ದು ಯಾರು?"

"ನಾನು ಮಿಸ್" ಎಂದಳು. ಅದರಲ್ಲಿ ಅವಳು ಎಂದೂ ತಡ ಮಾಡಿದವಳಲ್ಲ.

"ಸರಿ ಮಾಡಿದ್ದು?"

ತಾಯಿ ಏನೋ ಹೇಳಲು ಬಾಯಿ ತೆರೆದರು. "ನೀವು ಸ್ವಲ್ಪ ಸುಮ್ನಿರಿ ತಾಯಿ" ಎಂದೆ. "ನಿಮಗೆ ಆಭೋಗಿ ಗೊತ್ತಿಲ್ಲ. ನನ್ನ ಬಾಯಲ್ಲಿ ನೀವು ಕೊಟ್ಟ ನಿಪ್ಪಟ್ಟಿತ್ತು. ದೇವರಿಗೆ ಹರಕೆ ಹೊರೋಕೆ ಯಾರಿಗೂ ಟೈಮೇ ಇರ್ಲಿಲ್ಲ. ಹೇಳಮ್ಮ, ಸರಿ ಮಾಡಿದ್ದು ಯಾರು?"

ಅವಳು ಚಾಪೆಯ ಅಂಚನ್ನು ಕೀಳುತ್ತ ಕೂತಳು. ಆಮೇಲೆ, ಕದ್ದದ್ದನ್ನು ಒಪ್ಪಿಕೊಳ್ಳುವವರ ಧ್ವನಿಯಲ್ಲಿ "ನಾನೇ" ಎಂದಳು. ಎಂದವಳೇ ಅತ್ತುಬಿಟ್ಟಳು.

ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವಳು ಮೂಗು ಒರೆಸಿಕೊಂಡು ಹೇಳಿದಳು. "ನಾನೇ ಅಂತ ಒಪ್ಕೊಂಡ್ರೆ ಮುಂದಿನ ಸಲಾನೂ ನಾನೇ ಮಾಡ್ಬೇಕಲ್ಲ ಮಿಸ್. ಸೀನಿಯರ್ರಿಗೆ ಕೂತಾಗ ಬರ್ಲಿಲ್ಲ ಅಂದ್ರೆ? ಅವಾಗ ಇವರೆಲ್ಲ ಏನಂತಾರೆ? ದೇವರು ಕೊಟ್ಟಿದ್ದಾದ್ರೆ ಇಲ್ಲಿಗೇ ಬಿಟ್ಬಿಡಬೋದು."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಇದು ವಿನಯ ಎಂದುಕೊಂಡಿದ್ದೆ, ಆಮೇಲೆ ಮೊದ್ದುತನ ಎಂದುಕೊಂಡಿದ್ದೆ. ಹುಡುಗಿ ಇಷ್ಟು ದಿನ ಹೆದರಿಕೊಂಡು ಹಾಡುತ್ತಿದ್ದಳು, ಅಷ್ಟೆ. ಚೆನ್ನಾಗಿ ಹಾಡಿದಷ್ಟೂ ಹೆಚ್ಚು ಹೆದರಿದ್ದಳು. ತಾಯಿ ಸೆರಗಿನ ತುದಿ ಹಿಡಿದುಕೊಂಡು ಮಗಳನ್ನೇ ನೋಡುತ್ತಿದ್ದರು. ಅವರಿಗೂ ಇದು ಹೊಸ ಸುದ್ದಿಯೇ ಇರಬೇಕು.

"ಬರ್ಲಿಲ್ಲ ಅಂದ್ರೆ ನನ್ನ ಮೇಲೆ ಹಾಕು" ಎಂದೆ. "ಮಿಸ್ ಸರಿಯಾಗಿ ಹೇಳ್ಕೊಡ್ಲಿಲ್ಲ ಅನ್ನು. ಗೌರಿಬಿದನೂರಿಂದ ಚಿಂತಾಮಣಿವರ್ಗೂ ಎಲ್ಲಾರೂ ಹಾಕ್ತಾರೆ, ನಿಂದೊಂದು ಭಾರ ಆಗಲ್ಲ ಕಣೇ."

ಅವಳು ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ನಿಜವಾಗ್ಲೂ ಹಾಕ್ಬೋದಾ ಮಿಸ್?"

"ಹಾಕು. ಆದ್ರೆ ಬಂದು ಹಾಕು. ಇಲ್ಲಿ ಕೂತ್ಕೊಂಡು ಹಾಕೋ ಹಾಗಿಲ್ಲ."

ನಾನು ಹೊರಡುವಾಗ ತಾಯಿ ಉಳಿದ ನಿಪ್ಪಟ್ಟನ್ನು ಪೇಪರಿನಲ್ಲಿ ಕಟ್ಟಿ ಕೈಗೆ ಕೊಟ್ಟರು. ಹುಳದ ಮನೆಯ ಕಡೆ ನೋಡಿ ನಾನೂ ಬಾಯಿ ಮುಚ್ಚಿಕೊಂಡೇ ಬಂದೆ.

ಭಾನುವಾರ ಎಲ್ಲರಿಗಿಂತ ಮೊದಲು ಬಂದು ಹಜಾರದಲ್ಲಿ ಕೂತಿದ್ದಳು. ಆ ದಿನ ಕೆಲವು ಸಾಲು ತಪ್ಪಾಗಿ ಹಾಡಿದಳು, ಕೆಲವು ಸಾಲು ಸರಿಯಾಗಿ ಹಾಡಿದಳು. ಯಾರ ಮೇಲೂ ಏನೂ ಹಾಕಲಿಲ್ಲ.