ಅಮಸಿದ್ದಪ್ಪ ಕಾಕಾ ಸರಿಸಿದ ಬಾಟಲಿ

ಶಿರೂರಿನ ಅಮಸಿದ್ದಪ್ಪ ಕಾಕಾ ಬಾಗಲಕೋಟೆಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಅಟೆಂಡರ್. ಪ್ರಾಯೋಗಿಕ ಪರೀಕ್ಷೆಯ ದಿನ ಪ್ರತಿ ವಿದ್ಯಾರ್ಥಿಗೂ ಒಂದು ಚಿಟಿಕೆ ಬಿಳಿ ಪುಡಿ ಸಿಗುತ್ತದೆ. ಅದು ಯಾವ ಲವಣವೆಂದು ಪತ್ತೆ ಮಾಡಬೇಕು. ಪೊಟ್ಟಣ ಕಟ್ಟುವವರು ಕಾಕಾ, ಹಾಗಾಗಿ ಉತ್ತರ ಅವರಿಗೆ ಗೊತ್ತು. ಹಾದುಹೋಗುತ್ತ ಬೇಕಾದ ಬಾಟಲಿಯನ್ನು ಮುಟ್ಟಿ ಸುಳಿವು ಕೊಡುವ ಅಟೆಂಡರುಗಳಿದ್ದಾರೆ. ಕಾಕಾ ಎಂದೂ ಮುಟ್ಟಿದವರಲ್ಲ.

“ಕಾಕಾ, ಬಾಯಿ ಬಿಡಬ್ಯಾಡ್ರಿ, ಕಣ್ಣಾಗರ ತೋರಸ್ರಿ,” ಎಂದು ನಮ್ಮ ತರಗತಿಯ ಸಂಜು ಗೋಗರೆಯುತ್ತಿದ್ದ.

“ಕಣ್ಣು ನಿನಗೂ ಅದಾವಲ್ಲೋ. ಫೋನ್ ಬಿಟ್ಟು ಟೆಸ್ಟ್ ಟ್ಯೂಬ್ ನೋಡು.”

ಈ ವರ್ಷ ಅವರ ಮಗಳು ಜಯಶ್ರೀ ನಮ್ಮ ಜೊತೆ ಎಂ.ಎಸ್ಸಿ.ಗೆ ಸೇರಿದಳು. ಅಪ್ಪ ತೊಳೆದಿಟ್ಟ ಗಾಜಿನಲ್ಲೇ ಅವಳ ಪ್ರಯೋಗ.

ಪರೀಕ್ಷೆಯಲ್ಲಿ ಅವಳು ಟೆಸ್ಟ್ ಟ್ಯೂಬ್ ಹಿಡಿದು ಸುಮ್ಮನೆ ನಿಂತಿದ್ದಳು. ಆ ನಿಲುವು ಕಾಕಾನಿಗೆ ಸೋಲಿನಂತೆ ಕಂಡಿತೇನೋ. ನೀರು ತುಂಬುವ ನೆವದಲ್ಲಿ ಬಂದು ಪೊಟ್ಯಾಸಿಯಂ ಅಯೊಡೈಡ್ ಬಾಟಲಿಯನ್ನು ಮೆಲ್ಲಗೆ ಅವಳತ್ತ ಸರಿಸಿದರು.

ಅವಳು ಅದನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಟ್ಯೂಬನ್ನು ಅಪ್ಪನ ಕಡೆ ತಿರುಗಿಸಿದಳು. ತಳದಲ್ಲಿ ಅರಿಸಿನದಂಥ ಹಳದಿ ಕೂತಿತ್ತು. ಸೀಸ. ಆ ಅಯೊಡೈಡ್ ಹಾಕಿದರೆ ಸೀಸದ ಲವಣ ಹಳದಿಯಾಗುತ್ತದೆ; ಅದನ್ನು ಆಗಲೇ ಹಾಕಿ ನೋಡಿ ಅವಳು ತಾನೇ ಕಂಡುಕೊಂಡಾಗಿತ್ತು.

ಆದರೆ ಬಾಟಲಿ ಸರಿದದ್ದನ್ನು ಎದುರು ಬೆಂಚಿನವರು ನೋಡಿದ್ದರು. “ಪೇಪರ್ ಮನ್ಯಾಗ ಔಟ್ ಆಗೇತಿ ಬಿಡ್ರಲೇ,” ಎಂದು ಯಾರೋ ನಕ್ಕರು.

ಜಯಶ್ರೀ ಕೈ ಎತ್ತಿದಳು. “ಮೇಡಂ, ನನಗ ಬ್ಯಾರೆ ಸಾಲ್ಟ್ ಕೊಡ್ರಿ.”

ಪರೀಕ್ಷಕಿ ಇಂದ್ರಾಬಾಯಿ ಮೇಡಂ ಗಡಿಯಾರ ನೋಡಿದರು. “ಅರ್ಧಾ ಟೈಮ್ ಮುಗದೈತಿ. ಯಾಕ?”

ಅವಳು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟಳು. ಕಾರಣ ಹೇಳಿದರೆ ಅಪ್ಪನ ಕೆಲಸ ಹೋದೀತು.

“ನಾ ಬಾಟ್ಲಿ ಸರಿಸೇನ್ರಿ,” ಎಂದರು ಕಾಕಾ. “ಆಕೀದೇನೂ ತಪ್ಪಿಲ್ರಿ.”

“ನೀವು ಹೊರಗ ನಿಂದರ್ರಿ,” ಎಂದ ಮೇಡಂ, ಬೇರೆ ಪುಡಿಯನ್ನು ತಾವೇ ತೂಗಿ ಕೊಟ್ಟರು.

ವರಾಂಡದಲ್ಲಿ ಕಾಕಾ ಕಿಟಕಿಗೆ ಬೆನ್ನು ಮಾಡಿ ನಿಂತರು. ಒಳಗೆ ನೋಡಿದರೆ ಅದೂ ಸನ್ನೆಯಾದೀತು. ಗಾಜಿನ ಸದ್ದು ಕೇಳಿದಾಗಲೆಲ್ಲ ತಲೆ ಇನ್ನಷ್ಟು ತಗ್ಗುತ್ತಿತ್ತು. ನೀರಡಿಸಿದರೂ ಒಳಗಿನ ನಲ್ಲಿಯ ಕಡೆ ಹೋಗಲಿಲ್ಲ.

ಜಯಶ್ರೀ ಎಲ್ಲರಿಗಿಂತ ಕೊನೆಗೆ ಬಂದಳು.

“ಸಿಕ್ತೇನವಾ?”

“ಅರ್ಧಾ ಸಿಕ್ತು. ಟೈಮ್ ಸಾಲಲಿಲ್ಲ.” ಎಪ್ರನ್ ಬಿಚ್ಚಿ ಮಡಚುತ್ತ ಕೇಳಿದಳು, “ನನಗ ತಿಳಿಯೂದಿಲ್ಲ ಅಂತ ಅನಸ್ತೇನಪಾ ನಿನಗ?”

ಹಾಗೆ ಅನಿಸಿದ್ದು ನಿಜ. ಅದಕ್ಕೇ ಅವರು ತಲೆ ಎತ್ತಲಿಲ್ಲ.